ಕೆರೆ ಅಂಗಳದಲ್ಲಿ ತಟ್ಟೆ ತಟ್ಟೆ ಗುಂಡಿ, ಮೀನಿನ ಬಾಯಲ್ಲಿ ಮೊಟ್ಟೆ. ಏನಿದು?

ನಾಲೆಬದಿ · ಏಪ್ರಿಲ್ 12, ರಾತ್ರಿ 8.10

ನಮಸ್ಕಾರ. ಪಾಂಡವಪುರ ತಾಲ್ಲೂಕು ನಮ್ದು. ನಮ್ಮೂರ ಕೆರೆಗೆ ಮಳೆಗಿಂತ ಹೆಚ್ಚಾಗಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಸಿನೀರೇ ಆಧಾರ. ನಾಲೆ ನಿಲ್ಲಿಸಿ ತಿಂಗಳ ಮೇಲಾಯ್ತು, ನೀರು ಹಿಂದೆ ಸರಿದು ಸರಿದು ಈಗ ತೂಬಿನ ಬುಡದಲ್ಲಿ ಕೂತಿದೆ. ಮೊನ್ನೆ ಎಮ್ಮೆ ಹುಡುಕ್ಕೊಂಡು ಅಂಗಳಕ್ಕೆ ಇಳಿದಿದ್ದೆ. ಬಿರುಕು ಬಿಡ್ತಿರೋ ಮಣ್ಣಿನ ಮೇಲೆ ಊಟದ ತಟ್ಟೆ ಒತ್ತಿ ತೆಗೆದ ಹಾಗೆ ದುಂಡು ದುಂಡು ಗುಂಡಿಗಳು. ಎಣಿಸ್ತಾ ಹೋದೆ, ಎಪ್ಪತ್ತು ದಾಟಿದ ಮೇಲೆ ಲೆಕ್ಕ ತಪ್ಪಿ ಬಿಟ್ಟೆ. ಒಂದೂವರೆ ಗೇಣು ಅಗಲ, ನಾಲ್ಕು ಬೆರಳು ಆಳ. ಸುತ್ತ ಅಂಚು ಸ್ವಲ್ಪ ಎದ್ದಿದೆ, ಒಳಗಡೆ ಮಾತ್ರ ಯಾರೋ ಗುಡಿಸಿ ಸಾರಿಸಿದ ಹಾಗೆ ನುಣ್ಣಗೆ. ಒಂದು ಕಡ್ಡಿ ಇಲ್ಲ, ಒಂದು ಕಪ್ಪೆಚಿಪ್ಪು ಇಲ್ಲ. ಒಂದಕ್ಕೊಂದು ಅಂಟಿಕೊಂಡೇ ಇವೆ. ಏರಿ ಕಡೆಗಿಲ್ಲ, ತೂಬಿನ ಹತ್ತಿರ ಆಳದಲ್ಲೂ ಇಲ್ಲ, ನಡುವಿನ ಇಳಿಜಾರಲ್ಲಿ ಮಾತ್ರ.

ಇದು ಒಂದಾಯ್ತು. ಇನ್ನೊಂದು ನಿನ್ನೆಯದು. ಅಮ್ಮ ಹಿತ್ತಲಲ್ಲಿ ಜಿಲೇಬಿ ಮೀನು ಕಲ್ಲಿಗೆ ಉಜ್ಜುತ್ತಿದ್ರು. ಅಂಗೈ ಅಗಲದವು, ಅದೇ ಕೆರೆಯವು. ಒಂದರ ತಲೆ ಅದುಮಿದ ತಕ್ಷಣ ಬಾಯಿಂದ ಹಳದಿ ಕಾಳು ಪುಳಪುಳ ಅಂತ ಉದುರಿದವು. ಸಾಸಿವೆಗಿಂತ ದಪ್ಪ, ಜೋಳಕ್ಕಿಂತ ಸಣ್ಣ, ಒಂದು ತುದಿ ಸ್ವಲ್ಪ ಚೂಪು. ಹೊಟ್ಟೆ ಸೀಳಿದ್ರೆ ಕರುಳೆಲ್ಲ ಖಾಲಿ. ಅಮ್ಮ "ಹೊಟ್ಟೇಲಿರ್ಬೇಕಾದ್ದು ಬಾಯಲ್ಲೈತಲ್ಲೋ, ಇದೇನ್ ಮೀನೋ ಏನ್ ಮಾಯವೋ" ಅಂದ್ರು. ಆ ಒಂದು ಮೀನನ್ನ ಸಾರಿಗೆ ಹಾಕಲೇ ಇಲ್ಲ.

ಗುಂಡಿ ಯಾವುದರದು? ಬಾಯಲ್ಲಿ ಮೊಟ್ಟೆ ಯಾಕೆ? ತನ್ನ ಮೊಟ್ಟೆಯನ್ನ ತಾನೇ ತಿನ್ನುತ್ತಾ? ಗೊತ್ತಿದ್ದೋರು ಹೇಳಿ.

ಏರಿಮೇಲೆಮ್ಮೆ · ಏಪ್ರಿಲ್ 12, ರಾತ್ರಿ 8.31

ಗುಂಡಿ ನಮ್ಮ ಪೈಕಿಯವರದೇ ಇರಬೇಕು ಗುರೂ, ಎಮ್ಮೆ ಹೊರಳಿದ್ದು 😄 ನಿಮ್ಮ ಎಮ್ಮೆ ಸಿಕ್ತಾ ಇಲ್ವಾ ಅದನ್ನ ಹೇಳಲೇ ಇಲ್ಲ.

ನಾಲೆಬದಿ · ಏಪ್ರಿಲ್ 12, ರಾತ್ರಿ 8.35

ಸಿಕ್ತು. ಎಮ್ಮೆ ಹೊರಳಿದ್ರೆ ತಟ್ಟೆ ಅಲ್ಲ ಬಾವಿ ಆಗುತ್ತೆ ಗುರೂ. ಇದು ಅಚ್ಚಿನಲ್ಲಿ ತೆಗೆದ ಹಾಗಿದೆ.

ಮದ್ದೂರಮುದ್ದೆ · ಏಪ್ರಿಲ್ 12, ರಾತ್ರಿ 9.02

ಆಮೆ ಮೊಟ್ಟೆ ಇಡೋಕೆ ತೋಡಿರುತ್ತೆ. ನಮ್ಮ ಕಡೆ ಹೊಳೆ ದಂಡೇಲಿ ನೋಡಿದೀನಿ.

ಬೀಸುಬಲೆ · ಏಪ್ರಿಲ್ 12, ರಾತ್ರಿ 9.40

ಆಮೆ ತೋಡಿದ್ ಗುಂಡೀನ ಮುಚ್ಚಿ ಹೋಯ್ತದೆ ಕಣಣ್ಣ, ಹಿಂಗೆ ಬಾಯ್ ತಕ್ಕೊಂಡು ಬುಡಕಿಲ್ಲ. ಇದು ಜಿಲೇಬೀದೇ. ಬಲೆ ಬೀಸೋರ್ಗೆಲ್ಲ ಗೊತ್ತು. ಬೇಸ್ಗೇಲಿ ಕೆರೆಗಿಳಿದ್ರೆ ಕಾಲ್ ಇಟ್ಟ ಕಡೆಗೆಲ್ಲ ಗುಂಡಿ ಸಿಕ್ತವೆ, ನೀರೊಳಗೆ ನಡೆಯಕ್ಕಾಗಕಿಲ್ಲ. ಬಾಯಲ್ಲಿ ಮೊಟ್ಟೆ ಇದ್ದುದ್ನ ನಾವು ಬಸ್ರಿ ಮೀನು ಅಂತೀವಿ. ಬಲೇಲಿ ಸಿಕ್ಕಾಕ್ಕೊಂಡ್ರೆ ಉಗುಳ್ಬುಡ್ತವೆ, ದೋಣಿ ತಳದಲ್ಲೆಲ್ಲ ಮೊಟ್ಟೆ. ತಿನ್ನಕ್ಕಲ್ಲ ಬಾಯಲ್ಲಿಟ್ಕೊಳದು, ಕಾಯಕ್ಕೆ. ಮಿಕ್ಕಿದ್ದು ಓದಿದೋರು ಹೇಳ್ಲಿ.

ಪ್ರಾಣಿಶಾಸ್ತ್ರ ಮೈಸೂರು · ಏಪ್ರಿಲ್ 13, ಬೆಳಿಗ್ಗೆ 6.50

ಬೀಸುಬಲೆಯವರು ಹೇಳಿದ್ದು ಸರಿ. ನಾಲೆಬದಿಯವರೇ, ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ಮೀನು. ಗುಂಡಿ ಗಂಡಿನದು, ಬಾಯಲ್ಲಿದ್ದ ಮೊಟ್ಟೆ ಹೆಣ್ಣಿನದು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನೀವು ಗುಂಡಿ ನೋಡಿದ ಜಾಗದಲ್ಲಿ ಒಂದೆರಡು ತಿಂಗಳ ಹಿಂದೆ ಮೊಣಕಾಲಿನಿಂದ ಸೊಂಟದವರೆಗೆ ನೀರು ಇದ್ದಿರಬೇಕು. ಗಂಡು ಜಿಲೇಬಿಗೆ ಆ ಆಳವೇ ಇಷ್ಟ. ಮರಿ ಮಾಡುವ ಹೊತ್ತಿಗೆ ಅದರ ಬಣ್ಣ ಬದಲಾಗುತ್ತೆ: ಮೈಯೆಲ್ಲ ಕಾಡಿಗೆ ಕಪ್ಪು, ಗದ್ದದ ಕೆಳಗೆ ಮಾತ್ರ ಬಿಳುಪು, ಬೆನ್ನಿನ ಮತ್ತು ಬಾಲದ ರೆಕ್ಕೆಯ ಅಂಚಿಗೆ ಕೆಂಪು. ಬಾಯಿತುಂಬ ಮಣ್ಣು ಕಚ್ಚಿ ಆಚೆ ಉಗುಳಿ, ಬಾಲ ಬೀಸಿ ಗುಡಿಸಿ ಗುಂಡಿ ತೋಡುತ್ತೆ. ಹತ್ತಾರು ಗಂಡುಗಳು ಒಂದೇ ಕಡೆ ಸೇರುವುದರಿಂದಲೇ ಗುಂಡಿಗಳು ಅಂಟಿಕೊಂಡಿರುವುದು. ಪಕ್ಕದವನು ಗಡಿ ದಾಟಿದರೆ ಬಾಯಿಗೆ ಬಾಯಿ ಕೊಟ್ಟು ಜಗ್ಗಾಟ.

ಇನ್ನೊಂದು ಸಂಗತಿ ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚು ನಗುತ್ತಿತ್ತು. ಈ ಗಂಡುಗಳು ದರ್ಪ ತೋರಿಸುವುದು ಉಚ್ಚೆಯಿಂದ. ಬಲಿಷ್ಠ ಗಂಡು ಅದನ್ನು ಕೂಡಿಟ್ಟುಕೊಂಡು, ಎದುರಾಳಿ ಬಂದಾಗ ಅಥವಾ ಹೆಣ್ಣು ಹತ್ತಿರ ಸುಳಿದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತೆ. ಅದರ ವಾಸನೆಯಿಂದಲೇ ಉಳಿದವಕ್ಕೆ ಇವನು ಎಂಥವನು ಅಂತ ಗೊತ್ತಾಗುತ್ತೆ. ಕೆರೆಯ ಕಲಕು ನೀರಿನಲ್ಲಿ ಬಣ್ಣ ಎಷ್ಟು ದೂರ ಕಂಡೀತು ಹೇಳಿ!

ಹೆಣ್ಣು ಗುಂಡಿಗೆ ಇಳಿದು, ಸುತ್ತು ಹಾಕಿ, ಒಂದಷ್ಟು ಮೊಟ್ಟೆ ಇಟ್ಟು, ತಕ್ಷಣ ತಿರುಗಿ ಬಾಯಿಗೆ ತೆಗೆದುಕೊಳ್ಳುತ್ತೆ. ಗಂಡು ಬಿಟ್ಟ ವೀರ್ಯವನ್ನೂ ನೀರಿನ ಜೊತೆ ಬಾಯೊಳಗೇ ಎಳೆದುಕೊಳ್ಳುತ್ತೆ. ಅಲ್ಲಿಗೆ ಗಂಡಿನ ಕೆಲಸ ಮುಗಿಯಿತು, ಹೆಣ್ಣು ಹೊರಟುಹೋಗುತ್ತೆ, ಗಂಡು ಮುಂದಿನವಳಿಗೆ ಕಾಯುತ್ತೆ. ಗುಂಡಿಯಲ್ಲಿ ಒಂದು ಮೊಟ್ಟೆಯೂ ಉಳಿಯುವುದಿಲ್ಲ. ಎಲ್ಲರೂ ಅದನ್ನು ಮೀನಿನ ಗೂಡು ಅಂತಾರೆ, ನನ್ನ ಪ್ರಕಾರ ಅದು ಮದುವೆ ಚಪ್ಪರ ಅಷ್ಟೇ. ಬಾಣಂತಿ ಕೋಣೆ ಹೆಣ್ಣಿನ ಬಾಯಿ.

ಮೂರರಿಂದ ಐದು ದಿನಕ್ಕೆ ಮೊಟ್ಟೆ ಒಡೆಯುತ್ತೆ. ಆದರೂ ಮರಿಗಳು ಹೊರಗೆ ಬರುವುದಿಲ್ಲ. ಹೊಟ್ಟೆಗಂಟಿದ ಹಳದಿ ಚೀಲ ಕರಗಿ, ಈಜು ಕಲಿಯುವವರೆಗೆ ಒಳಗೇ. ಮೊದಲ ದಿನದಿಂದ ಮರಿಗಳು ಪೂರಾ ಸ್ವತಂತ್ರವಾಗುವವರೆಗೆ ಸುಮಾರು ಮೂರು ವಾರ. ಕೊನೆಕೊನೆಗೆ ಮರಿಗಳನ್ನು ಹೊರಗೆ ಬಿಟ್ಟು ಮೇಯಿಸಿ, ನೆರಳು ಬಿದ್ದರೆ ಸಾಕು ಮತ್ತೆ ಬಾಯಿಗೆ ಕರೆದುಕೊಳ್ಳುತ್ತೆ. ಈ ಮೂರು ವಾರ ತಾಯಿಗೆ ಹೆಚ್ಚುಕಡಿಮೆ ಉಪವಾಸ. ನಿಮ್ಮ ತಾಯಿಯವರು ಕರುಳು ಖಾಲಿ ಕಂಡದ್ದು ಅದಕ್ಕೇ.

ಏರಿಮೇಲೆಮ್ಮೆ · ಏಪ್ರಿಲ್ 13, ಬೆಳಿಗ್ಗೆ 7.15

ಮೇಡಂ, ಗಂಡು ಗುಂಡಿ ತೋಡಿ ಉಚ್ಚೆ ಹೊಯ್ದು ದರ್ಪ ತೋರಿಸೋದು, ಹೆಣ್ಣು ಮೂರು ವಾರ ಉಪವಾಸ ಇದ್ದು ಮಕ್ಕಳನ್ನ ಸಾಕೋದು. ಇದು ಮೀನಿನ ಕಥೇನಾ ನಮ್ಮೂರಿನ ಕಥೇನಾ?

ಗಾಜಿನತೊಟ್ಟಿ · ಏಪ್ರಿಲ್ 13, ಬೆಳಿಗ್ಗೆ 9.20

ನಾನು ಮೈಸೂರಲ್ಲಿ ಮನೇಲಿ ಅಕ್ವೇರಿಯಂ ಇಟ್ಟಿದೀನಿ, ಈ ಜಾತಿ ಮೀನುಗಳ ಹುಚ್ಚು. ನಾಲೆಬದಿ ಅಣ್ಣ, ನಿಮ್ಮ ಮೀನಿನ ಬಾಲದಲ್ಲಿ ಮೇಲಿಂದ ಕೆಳಕ್ಕೆ ಗೆರೆಗೆರೆ ಪಟ್ಟೆ ಇತ್ತಾ? ಇದ್ರೆ ಅದು ನೈಲ್ ತಿಲಾಪಿಯ. ಇಲ್ದಿದ್ರೆ ಹಳೇ ಜಿಲೇಬಿ, ಅಂದ್ರೆ ಮೊಸಾಂಬಿಕ್ ತಿಲಾಪಿಯ, ಒರಿಯೋಕ್ರೋಮಿಸ್ ಮೊಸಾಂಬಿಕಸ್. ಎರಡೂ ಬಾಯಲ್ಲೇ ಮರಿ ಮಾಡೋದು, ಒಂದಕ್ಕೊಂದು ಬೆರೀತವೆ ಕೂಡ.

ಅಂದಹಾಗೆ ಇದೇ ಕುಟುಂಬದ ನಮ್ಮ ದೇಶದ್ದೇ ಮೀನು ಮೂರೇ ಮೂರು: ಕೇರಳದ ಹೋಟೆಲಲ್ಲಿ ಸಿಗೋ ಕರಿಮೀನ್, ಅದರದೇ ತಮ್ಮನಂಥದ್ದು ದಕ್ಷಿಣ ಕನ್ನಡದ ಹೊಳೆಗಳಲ್ಲಿ, ಇನ್ನೊಂದು ಕಿತ್ತಳೆ ಬಣ್ಣದ ಪುಟ್ಟ ಕ್ರೋಮೈಡ್. ಆ ಪುಟ್ಟದ್ದು ನನ್ನ ತೊಟ್ಟೀಲಿದೆ. ಅದು ಬಾಯಲ್ಲಿಟ್ಕೊಳಲ್ಲ. ಕಲ್ಲಿಗೆ ಮೊಟ್ಟೆ ಅಂಟಿಸಿ ಗಂಡು ಹೆಣ್ಣು ಎರಡೂ ಸರದಿ ಮೇಲೆ ಕಾವಲು ನಿಲ್ತವೆ. ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆ ಕೆರೆದು ತಿಂತವೆ. ಮೊದಲ ಸಲ ನೋಡಿದಾಗ ಹುಳ ಬಿದ್ದಿದೆ ಅನ್ಕೊಂಡು ಔಷಧಿ ತರೋಕೆ ಹೊರಟಿದ್ದೆ.

ನಾಲೆಬದಿ · ಏಪ್ರಿಲ್ 13, ಮಧ್ಯಾಹ್ನ 1.05

ಮೇಡಂ ತುಂಬಾ ಉಪಕಾರ ಆಯ್ತು. ಅಮ್ಮನಿಗೆ ಓದಿ ಹೇಳಿದೆ. "ಮೂರ್ ವಾರ ಉಪಾಸ" ಅನ್ನೋ ಕಡೆ ಸುಮ್ನಾಗಿ, "ಇನ್ಮೇಲೆ ಬಾಯಿ ತೆಗೆದು ನೋಡ್ದೆ ಮೀನು ಕುಯ್ಯಕಿಲ್ಲ" ಅಂದ್ರು. ಗಾಜಿನತೊಟ್ಟಿ, ಬಾಲದಲ್ಲಿ ಪಟ್ಟೆ ಇರಲಿಲ್ಲ. ಒಂದೇ ಅನುಮಾನ: ಅಂಗೈ ಅಗಲದ ಮೀನಿಗೇ ಮೊಟ್ಟೆನಾ? ಇನ್ನೂ ಮರಿ ಅನ್ಕೊಂಡಿದ್ದೆ.

ಬೀಸುಬಲೆ · ಏಪ್ರಿಲ್ 13, ರಾತ್ರಿ 8.48

ಅದೇ ಅಣ್ಣ ನಮ್ ಗೋಳು. ನಾನು ಕೆರೆ ಟೆಂಡರ್ ಹಿಡಿಯೋನು. ಕಟ್ಲಾ, ರೋಹು, ಮೃಗಾಲ್ ಮರಿ ದುಡ್ ಕೊಟ್ಟು ತಂದು ಬುಡ್ತೀನಿ. ವರ್ಷಕ್ಕೊಂದ್ ಸತಿ ಬುಡ್ಲೇಬೇಕು, ಯಾಕೆ ಅಂದ್ರೆ ಅವು ನಿಂತ್ ನೀರಲ್ಲಿ ಮರಿ ಮಾಡಕಿಲ್ಲ. ಈ ಜಿಲೇಬೀನ ಯಾರೂ ಬುಟ್ಟಿಲ್ಲ, ನಾಲೆ ನೀರ್ ಜೊತೇಲಿ ಅದೇ ಬತ್ತದೆ. ಆರ್ ತಿಂಗ್ಳಾದ್ ಮೇಲೆ ಬಲೆ ಎಳುದ್ರೆ ಹತ್ ಕಟ್ಲಾಕ್ಕೆ ಒಂದ್ ಬುಟ್ಟಿ ಜಿಲೇಬಿ. ಅದ್ರಲ್ಲೂ ಅರ್ಧ ಬೆರಳುದ್ದದ್ದು. ದೊಡ್ಡದಾಗೋ ಮುಂಚೇನೆ ಸಂಸಾರಕ್ಕೆ ನಿಂತ್ಕೊತವೆ. ಮಾರ್ಕೆಟ್ಟಲ್ಲಿ ಸಣ್ಣುಕ್ಕೆ ಬೆಲೆ ಇಲ್ಲ, ಹಂಗಂತ ಬುಡಂಗೂ ಇಲ್ಲ. ಕಟ್ಲಾ ಸತ್ತೋದ್ ವರ್ಷ ನಮ್ ಮನೆ ನಡುದದ್ದು ಇದೇ ಸಣ್ ಜಿಲೇಬೀಲಿ. ಬಯ್ಯಕ್ಕೂ ಆಗಕಿಲ್ಲ, ಹೊಗಳಕ್ಕೂ ಆಗಕಿಲ್ಲ.

ಪ್ರಾಣಿಶಾಸ್ತ್ರ ಮೈಸೂರು · ಏಪ್ರಿಲ್ 14, ಬೆಳಿಗ್ಗೆ 6.40

ಬೀಸುಬಲೆಯವರು ಹೇಳಿದ "ದೊಡ್ಡದಾಗೋ ಮುಂಚೇನೆ ಸಂಸಾರ" ಈ ಮೀನಿನ ದೊಡ್ಡ ಗುಟ್ಟು. ಜಾಗ ಇಕ್ಕಟ್ಟಾಗಿ ಮೇವು ಕಡಿಮೆಯಾದರೆ ಬೇರೆ ಮೀನುಗಳು ಮರಿ ಮಾಡುವುದನ್ನು ಮುಂದಕ್ಕೆ ಹಾಕುತ್ತವೆ. ಜಿಲೇಬಿ ಬೆಳೆಯುವುದನ್ನೇ ಮುಂದಕ್ಕೆ ಹಾಕುತ್ತೆ. ಎರಡು ಮೂರು ತಿಂಗಳಿಗೆ, ಬೆರಳುದ್ದ ಇರುವಾಗಲೇ ಮೊಟ್ಟೆ. ದೊಡ್ಡ ಹೆಣ್ಣಿಗೆ ಸಾವಿರಕ್ಕಿಂತ ಹೆಚ್ಚು ಮೊಟ್ಟೆ ಹಿಡಿಯುತ್ತೆ, ಇಷ್ಟು ಚಿಕ್ಕದಕ್ಕೆ ನೂರರ ಆಸುಪಾಸು. ಆದರೆ ನೂರಕ್ಕೆ ನೂರೂ ತಾಯಿಯ ಕಾವಲಿನಲ್ಲಿ ಬೆಳೆಯುತ್ತವೆ. ನೀರು 20 ಡಿಗ್ರಿಗಿಂತ ಬೆಚ್ಚಗಿದ್ದರೆ ಸಾಕು, ಒಂದು ಸರದಿ ಮುಗಿದು ಕೆಲವೇ ವಾರಕ್ಕೆ ಇನ್ನೊಂದು. ಮಂಡ್ಯದಲ್ಲಿ ಅಷ್ಟು ಬಿಸಿ ಎಷ್ಟು ತಿಂಗಳಿರುತ್ತೆ ಅಂತ ನಾನು ಹೇಳಬೇಕೇ?

ಪದೇ ಪದೇ ಉಪವಾಸ ಬೀಳುವ ಹೆಣ್ಣು ಚಿಕ್ಕದಾಗಿಯೇ ಉಳಿಯುತ್ತೆ, ಗಂಡು ಅದಕ್ಕಿಂತ ದೊಡ್ಡದಾಗುತ್ತೆ. ಸಾಕಣೆಯವರು ಗಂಡು ಮರಿಗಳನ್ನಷ್ಟೇ ಕೇಳುವುದು ಇದಕ್ಕೇ. ಮರಿಗಳಿಗೆ ಮೊದಲ ಮೂರು ವಾರ ಹಾರ್ಮೋನು ಬೆರೆಸಿದ ಮೇವು ಕೊಟ್ಟು ಎಲ್ಲವನ್ನೂ ಗಂಡು ಮಾಡುತ್ತಾರೆ.

ಕಟ್ಲಾ ವಿಚಾರವೂ ನಿಜ. ಅವು ಹರಿಯುವ ಪ್ರವಾಹದಲ್ಲಿ ಮೊಟ್ಟೆ ಇಡುವ ಮೀನುಗಳು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಮೊಟ್ಟೆ ಇಡಿಸಿ ತೋರಿಸಿದ ಮೇಲೆ ನಮಗೆ ಮೀನುಮರಿ ಕೇಂದ್ರಗಳಲ್ಲಿ ಬೇಕಾದಷ್ಟು ಮರಿ ಸಿಗುವಂತಾಯಿತು. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುವುದು ಅದೇ ನೆನಪಿಗೆ.

ಅಜ್ಜಿಮನೆ · ಏಪ್ರಿಲ್ 14, ಬೆಳಿಗ್ಗೆ 10.30

ಎಲ್ಲರೂ ಜಿಲೇಬಿಗೆ ಹಾರ ಹಾಕೋದು ನೋಡಿ ಹೊಟ್ಟೆ ಉರೀತಿದೆ. ನಮ್ಮಜ್ಜಿ ಊರು ಕೆ.ಆರ್. ಪೇಟೆ ಕಡೆ. ಚಿಕ್ಕವರಿದ್ದಾಗ ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೋಡಿ ಹಳ್ಳದಲ್ಲಿ ಸಾಸಲು, ಪಕ್ಕೆ, ಗೆಂಡೆ ಹೊಸನೀರಿಗೆ ಎದುರು ಹತ್ತೋವು. ರಾತ್ರಿ ಲಾಟೀನು ಹಿಡ್ಕೊಂಡು ಮಾವಂದಿರು ಬಿದಿರುಬುಟ್ಟಿ ಒಡ್ಡೋರು, ನಾವು ದಡದಲ್ಲಿ ನಿಂತು ಕಾಲಿನ ಮೇಲೆ ಮೀನು ಹಾರಿದ್ರೆ ಕಿರುಚೋದು. ಸಾಸಲು ಕಿರುಬೆರಳುದ್ದ, ಮುಳ್ಳು ಸಮೇತ ತಿನ್ನೋದು. ಅಜ್ಜಿ ಹುರಿದು, ಹುಳಿ ಹಿಂಡಿ ಮಾಡ್ತಿದ್ದ ಗೊಜ್ಜಿನ ರುಚಿ ಈಗ ಬೆಂಗಳೂರಲ್ಲಿ ಎಷ್ಟು ದುಡ್ಡು ಕೊಟ್ರೂ ಇಲ್ಲ. ಹೋದ ವರ್ಷ ಅದೇ ಹಳ್ಳಕ್ಕೆ ಮಕ್ಕಳನ್ನ ಕರ್ಕೊಂಡು ಹೋದ್ರೆ ಬರೀ ಜಿಲೇಬಿ. ಆಫ್ರಿಕಾದಿಂದ ಬಂದ ಈ ಮೀನು ನಮ್ಮ ಸಾಸಲನ್ನ ನುಂಗಿ ಹಾಕ್ತು. ಇದನ್ನ ತಂದೋರು ಯಾರು?

ಪ್ರಾಣಿಶಾಸ್ತ್ರ ಮೈಸೂರು · ಏಪ್ರಿಲ್ 14, ಸಂಜೆ 5.15

ತಂದದ್ದು ಸರ್ಕಾರವೇ, ಒಳ್ಳೆಯ ಮನಸ್ಸಿನಿಂದಲೇ. ಈ ಮೀನಿನ ತವರು ಆಗ್ನೇಯ ಆಫ್ರಿಕಾದ ನದಿಗಳು, ಜಾಂಬೆಜಿಯ ಕೆಳಹರಿವು ಮತ್ತು ಅದರ ದಕ್ಷಿಣಕ್ಕೆ. 1939ರಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಅಳಿವೆಯಲ್ಲಿ ಮುಜೈರ್ ಎಂಬಾತನಿಗೆ ಸಿಕ್ಕಿತು. ಅಲ್ಲಿಗೆ ಹೇಗೆ ಬಂತೋ, ಆತ ಮನೆ ಹಿಂದಿನ ಕೊಳದಲ್ಲಿ ಬೆಳೆಸಿದ. ಇವತ್ತಿಗೂ ಅಲ್ಲಿ ಅದಕ್ಕೆ ಮುಜೈರ್ ಮೀನು ಅಂತಲೇ ಹೆಸರು. ಭಾರತಕ್ಕೆ 1952ರಲ್ಲಿ ಬಂತು. ಬಡವರಿಗೆ ಅಗ್ಗದ ಮೀನು ಅನ್ನುವ ಲೆಕ್ಕ. ಏಳೇ ವರ್ಷಕ್ಕೆ, 1959ರಲ್ಲಿ, ಇದನ್ನು ಹರಡಬಾರದು ಅಂತ ನಿಷೇಧವೂ ಬಂತು. ಅಷ್ಟರಲ್ಲಿ ಮೀನು ಕೊಳ ದಾಟಿಯಾಗಿತ್ತು. ಈಗ ಪ್ರಪಂಚದ ನೂರು ಕೆಟ್ಟ ಅತಿಕ್ರಮಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ವಿಪರ್ಯಾಸ ಕೇಳಿ: ತವರಿನಲ್ಲಿ ಇದೇ ಮೀನು ಅಪಾಯದಲ್ಲಿದೆ. ಅಲ್ಲಿಗೆ ಹೊರಗಿಂದ ಬಂದ ನೈಲ್ ತಿಲಾಪಿಯ ಜೊತೆ ಬೆರೆತು ಅಚ್ಚ ತಳಿಯೇ ಕರಗುತ್ತಿದೆ.

ಆದರೆ ಅಜ್ಜಿಮನೆಯವರೇ, ಸಾಸಲು ಹೋದದ್ದಕ್ಕೆ ಜಿಲೇಬಿಯೊಂದೇ ಕಾರಣ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಹೊರಗಿನದು ಅನ್ನುವುದಾದರೆ ಕಟ್ಲಾ, ರೋಹು ಕೂಡ ಕಾವೇರಿಯವಲ್ಲ, ಉತ್ತರದ ನದಿಗಳವು. ಅವುಗಳ ಮೇಲೆ ಯಾರಿಗೂ ಸಿಟ್ಟಿಲ್ಲ.

ಅಜ್ಜಿಮನೆ · ಏಪ್ರಿಲ್ 14, ಸಂಜೆ 5.40

ಮೇಡಂ, ಕಟ್ಲಾ ಮರಿ ಮಾಡಲ್ಲ, ಇದು ಮಾಡುತ್ತೆ. ವ್ಯತ್ಯಾಸ ಅಲ್ಲೇ ಇದೆಯಲ್ಲ? ಜಿಲೇಬಿ ಬೇರೆ ಮೀನಿನ ಮೊಟ್ಟೆ ತಿನ್ನಲ್ಲ ಅಂತ ಹೇಳಿ ನೋಡೋಣ.

ಪ್ರಾಣಿಶಾಸ್ತ್ರ ಮೈಸೂರು · ಏಪ್ರಿಲ್ 14, ಸಂಜೆ 6.20

ತಿನ್ನುತ್ತೆ. ಮುಖ್ಯ ಊಟ ಪಾಚಿ, ತಳದ ಕೊಳೆತ ಪದಾರ್ಥ. ಸಿಕ್ಕರೆ ಮೊಟ್ಟೆ, ಮರಿ ಎಲ್ಲವೂ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೀವೇ ಬರೆದ ನೆನಪನ್ನು ಇನ್ನೊಮ್ಮೆ ಓದಿ. "ಹೊಸನೀರಿಗೆ ಎದುರು ಹತ್ತೋವು" ಅಂದಿರಿ. ಸಾಸಲು, ಪಕ್ಕೆ, ಗೆಂಡೆ ಇವಕ್ಕೆ ಸಂತಾನದ ಕರೆ ಅಂದರೆ ಮಳೆ. ಹೊಸನೀರಿನ ತಂಪು, ಹರಿವು, ಮಣ್ಣಿನ ವಾಸನೆ ತಾಗಿದಾಗ ಹಳ್ಳ ಹತ್ತಿ, ಮುಳುಗಿದ ಹುಲ್ಲಿನ ಮೇಲೆ, ಗದ್ದೆಯ ತೆಳುನೀರಿನಲ್ಲಿ ಮೊಟ್ಟೆ ಚೆಲ್ಲಿ ಹೋಗುತ್ತವೆ. ಕಾವಲಿಲ್ಲ, ಗೂಡಿಲ್ಲ. ಸಾವಿರಾರು ಚೆಲ್ಲಿದರೆ ಬೆರಳೆಣಿಕೆಯಷ್ಟು ಉಳಿಯುವ ಲೆಕ್ಕ. ಆ ಹುಲ್ಲಂಚು, ಆ ಹಳ್ಳದ ದಾರಿ ಇಲ್ಲದಿದ್ದರೆ ಲೆಕ್ಕವೇ ಇಲ್ಲ.

ಜಿಲೇಬಿಗೆ ಮಳೆ ಬೇಡ, ಹಳ್ಳ ಬೇಡ, ಹುಲ್ಲು ಬೇಡ. ಒಂದಿಷ್ಟು ಬೆಚ್ಚಗಿನ ನಿಂತ ನೀರು, ಗುಂಡಿ ತೋಡಲು ಮೆತ್ತನೆ ತಳ. ನೀರಿನಲ್ಲಿ ಗಾಳಿ ಕಡಿಮೆಯಾದರೆ ಮೇಲಕ್ಕೆ ಬಂದು ಮೇಲ್ಪದರದ ನೀರನ್ನೇ ಉಸಿರಾಡಿಕೊಂಡು ಬದುಕುತ್ತೆ. ಉಪ್ಪು ನೀರಾದರೂ ಸರಿ. ಕನ್ನಂಬಾಡಿ ಕಟ್ಟಿ ನಾಲೆ ಬಂದ ಮೇಲೆ ನಮ್ಮ ಎಷ್ಟೋ ಕೆರೆಗಳ ತಿಂಗಳುಗಳೇ ಬದಲಾದವು. ಮುಂಗಾರಿಗೆ ತುಂಬಿ ಬೇಸಿಗೆಗೆ ಒಣಗುತ್ತಿದ್ದದ್ದು ಈಗ ನಾಲೆ ಬಿಟ್ಟಾಗ ತುಂಬುತ್ತೆ, ನಿಲ್ಲಿಸಿದಾಗ ಇಳಿಯುತ್ತೆ. ಕೋಡಿ ಹಳ್ಳ ಒತ್ತುವರಿಯಾಗಿದೆ, ಅಂಚಿನ ಹುಲ್ಲನ್ನು ಅಭಿವೃದ್ಧಿ ಹೆಸರಲ್ಲಿ ಕೆರೆದು ಕಲ್ಲು ಕಟ್ಟಿದ್ದಾರೆ. ಇದು ಜಿಲೇಬಿಗೆ ಹೇಳಿ ಮಾಡಿಸಿದ ಮನೆ. ಮೊದಲು ಸಾಸಲಿನ ತೊಟ್ಟಿಲು ಮುರಿದವರು ನಾವು, ಖಾಲಿ ಜಾಗಕ್ಕೆ ಜಿಲೇಬಿ ಬಂದು ಕೂತಿತು.

ಹೆಜ್ಜಾರ್ಲೆ · ಏಪ್ರಿಲ್ 14, ರಾತ್ರಿ 8.05

ಹಕ್ಕಿ ನೋಡೋನು ನಾನು, ವಾರಕ್ಕೆರಡು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತೋನು. ಅದು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗದ್ದೆಗೆ ನೀರು ಕೊಡೋಕೆ ಅಂತ ಕಟ್ಟಿಸಿದ ಕೆರೆ. ಈಗ ಸುತ್ತ ಊರು, ಗದ್ದೆ ಎಲ್ಲಿ? ಅಲ್ಲಿ ನೀರುಕಾಗೆ ಮುಳುಗಿ ಎದ್ದಾಗ ಕೊಕ್ಕಿನಲ್ಲಿ ನನಗೆ ಕಂಡದ್ದು ಬಹುಪಾಲು ಜಿಲೇಬಿಯೇ. ಬೆನ್ನ ಮುಳ್ಳು ಗಂಟಲಿಗೆ ಚುಚ್ಚಬಾರದು ಅಂತ ಮೇಲಕ್ಕೆ ಎಸೆದು ತಲೆ ಕೆಳಗಾಗಿ ಹಿಡಿದು ನುಂಗುತ್ತೆ. ಹೆಜ್ಜಾರ್ಲೆ ಹಕ್ಕಿಗೂ ಅದೇ ಊಟ. ಒಂದು ಮಾತು ಸೇರಿಸ್ತೀನಿ, ಬೈಬೇಡಿ: ನಾಳೆ ಮಂತ್ರ ಹಾಕಿ ಜಿಲೇಬಿ ಎಲ್ಲಾ ಮಾಯ ಮಾಡಿದ್ರೆ ಮೊದಲು ಉಪವಾಸ ಬೀಳೋವು ಈ ಹಕ್ಕಿಗಳೇ. ಸಾಸಲು ಮರುದಿನವೇ ವಾಪಸ್ ಬರಲ್ಲ.

ಬೀಸುಬಲೆ · ಏಪ್ರಿಲ್ 14, ರಾತ್ರಿ 9.30

ಮೇಡಮ್ಮೋರ್ ಮಾತ್ಗೆ ನಂದೊಂದ್ ಸಾಕ್ಷಿ. ನಾನ್ ಹಿಡ್ದಿರೋ ಕೆರೆ ಎರಡು. ಒಂದು ನಾಲೆ ಕೆಳಗ್ಳುದು, ಇನ್ನೊಂದು ಗುಡ್ಡದ್ ಬುಡದ್ದು, ಬರೀ ಮಳೆ ನೀರು. ಜಿಲೇಬಿ ಎರಡ್ರಲ್ಲೂ ಐತೆ. ನಾಲೆ ಕೆಳಗ್ಳುದ್ರಲ್ಲಿ ಸಾಸಲು ಕಂಡು ಎಷ್ಟ್ ವರ್ಷಾಯ್ತೋ. ಗುಡ್ಡದ್ ಕೆರೇಲಿ ಮಾತ್ರ ಈಗ್ಲೂ ಮುಂಗಾರಲ್ಲಿ ಹತ್ತದೆ. ಯಾಕೇಂದ್ರೆ ಆ ಹಳ್ಳ ಯಾರೂ ಮುಚ್ಚಿಲ್ಲ, ಮೇಲ್ಗಡೆ ಗೋಮಾಳ ಐತೆ. ಜಿಲೇಬೀನೇ ತಿಂದಾಕಿದ್ರೆ ಅಲ್ಲೂ ತಿಂದಾಕ್ಬೇಕಿತ್ತಲ್ವಾ? ಇನ್ನೊಂದು, ಆ ಕೆರೆ ಮೂರ್ ವರ್ಷಕ್ಕೊಂದ್ ಸತಿ ಪೂರ್ತಿ ಒಣಗ್ತದೆ. ಆಗ ಜಿಲೇಬಿ ಎಲ್ಲ ಸತ್ತೋಯ್ತದೆ. ಸಾಸಲು ಕೆಳಗಿನ್ ಕಟ್ಟೆಯಿಂದ ಹಳ್ಳ ಹಿಡ್ಕೊಂಡು ಮತ್ತೆ ಬತ್ತದೆ.

ಪ್ರಾಣಿಶಾಸ್ತ್ರ ಮೈಸೂರು · ಏಪ್ರಿಲ್ 15, ಬೆಳಿಗ್ಗೆ 6.30

ಎರಡು ಕೆರೆಯಿಂದ ಶಾಸ್ತ್ರ ಕಟ್ಟಲು ಬರುವುದಿಲ್ಲ. ಆದರೆ ಬೀಸುಬಲೆಯವರೇ, ಕೆರೆ ಒಣಗುವ ಮಾತನ್ನು ನಾನು ಪಾಠದಲ್ಲಿ ಒಂದು ದಿನವೂ ಹೇಳಿರಲಿಲ್ಲ. ಮಳೆ ಬಂದ ಮೊದಲ ವಾರ ಆ ಹಳ್ಳ ತೋರಿಸ್ತೀರಾ? ಕೈಬಲೆ ತರ್ತೀನಿ, ಯಾವ ಯಾವ ಜಾತಿ ಅಂತ ನೋಡೋಣ.

ಬೀಸುಬಲೆ · ಏಪ್ರಿಲ್ 15, ಬೆಳಿಗ್ಗೆ 7.10

ಬನ್ನಿ ಮೇಡಮ್ಮೋರೆ, ಅಗತ್ಯವಾಗಿ. ಊಟ ನಮ್ಮನೇಲೆ. ಚಪ್ಪಲಿ ಬ್ಯಾಡ, ಜಾರ್ತದೆ.

ಅಜ್ಜಿಮನೆ · ಏಪ್ರಿಲ್ 15, ಬೆಳಿಗ್ಗೆ 9.00

ನಾನೂ ಬರ್ತೀನಿ. ಸೋಲೊಪ್ಪಿಕೊಂಡೆ ಅಂತಲ್ಲ, ಸಾಸಲು ಸಿಗುತ್ತೆ ಅಂತ.

ನಾಲೆಬದಿ · ಏಪ್ರಿಲ್ 18, ಬೆಳಿಗ್ಗೆ 8.20

ಹೊಸ ಸಮಾಚಾರ. ಇವತ್ತು ಬೆಳಿಗ್ಗೆ ತಂದ ಮೀನಲ್ಲಿ ಇನ್ನೊಂದು ಬಸುರಿ. ಕಿವಿರು ಇನ್ನೂ ಆಡ್ತಿತ್ತು. ಅಮ್ಮ ಹೇಳಿದ ಮಾತಿನ ಹಾಗೆ ಬಾಯಿ ತೆಗೆದು ನೋಡಿ, ಮೊಟ್ಟೆಯನ್ನ ಸ್ಟೀಲ್ ಲೋಟದ ನೀರಿಗೆ ಬಿಟ್ಟುಕೊಂಡಿದಾರೆ. ನಲವತ್ತೆಂಟು ಇವೆ. ಇವನ್ನ ಮರಿ ಮಾಡಿಸಬಹುದಾ?

ಗಾಜಿನತೊಟ್ಟಿ · ಏಪ್ರಿಲ್ 18, ಬೆಳಿಗ್ಗೆ 8.26

ಮಾಡಿಸಬಹುದು ಅಣ್ಣ, ಬೇಗ ಬೇಗ! ಲೋಟದಲ್ಲಿ ಸುಮ್ನೆ ಬಿಟ್ರೆ ಬೂಷ್ಟು ಹಿಡಿದು ಸಾಯ್ತವೆ. ತಾಯಿ ಮೂರು ಹೊತ್ತೂ ಬಾಯಿ ಮುಕ್ಕಳಿಸೋ ಹಾಗೆ ಮೊಟ್ಟೆ ಹೊರಳಿಸ್ತಾ ಇರುತ್ತೆ. ಆ ಹೊರಳಾಟ ನಾವು ಕೊಡಬೇಕು. ಒಂದು ಲೀಟರ್ ನೀರಿನ ಬಾಟ್ಲು ತಗೊಳ್ಳಿ, ತಳ ಕತ್ತರಿಸಿ, ತಲೆಕೆಳಗೆ ಮಾಡಿ ಕಟ್ಟಿ. ಅಕ್ವೇರಿಯಂ ಗಾಳಿ ಪಂಪಿನ ಟ್ಯೂಬನ್ನ ಮೇಲಿಂದ ಇಳಿಸಿ ಮುಚ್ಚಳದವರೆಗೆ ತಳ್ಳಿ. ಗುಳ್ಳೆ ಮೆಲ್ಲಗೆ ಬರಬೇಕು, ಮೊಟ್ಟೆ ಎದ್ದು ಬಿದ್ದು ಉರುಳಬೇಕು. ಅಕ್ಕಿ ಕುದ್ದ ಹಾಗೆ ಕುಣಿಯಬಾರದು. ನಲ್ಲಿ ನೀರು ಬೇಡ, ಕೆರೆ ನೀರನ್ನೇ ಬಟ್ಟೇಲಿ ಸೋಸಿ ಹಾಕಿ. ಬೆಳ್ಳಗಾದ ಮೊಟ್ಟೆ ಕಂಡ ತಕ್ಷಣ ತೆಗೀರಿ, ಒಂದು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತೆ. ಮೀನುಮರಿ ಕೇಂದ್ರಗಳಲ್ಲೂ ದೊಡ್ಡ ಜಾಡಿಯಲ್ಲಿ ಮಾಡೋದು ಇದನ್ನೇ.

ನಾಲೆಬದಿ · ಏಪ್ರಿಲ್ 22, ರಾತ್ರಿ 9.15

ಪಂಪು ಮಂಡ್ಯದಿಂದ ತಂದೆ. ಮೊದಲ ದಿನ ಹದಿಮೂರು ಬೆಳ್ಳಗಾದವು. ಎರಡನೇ ರಾತ್ರಿ ಕರೆಂಟ್ ಹೋಯ್ತು, ಹನ್ನೊಂದು ಗಂಟೆಗೆ ಹೋಗಿದ್ದು ನಾಲ್ಕಕ್ಕೆ ಬಂತು. ಅಮ್ಮ ನಾನು ಸರದಿ ಮೇಲೆ ಕೂತು ಚಮಚದಲ್ಲಿ ತಿರುವಿದ್ವಿ. ಒಂದೂವರೆಗೆ ಅಮ್ಮ "ಆ ಮೀನು ಹಿಂಗೇ ಮೂರ್ ವಾರ ಮಾಡ್ತದಾ?" ಅಂತ ಕೇಳಿದ್ರು. ಹೂಂ ಅಂದೆ. ಮತ್ತೆ ಮಾತಾಡಲಿಲ್ಲ.

ಮೂರನೇ ದಿನ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ ಕಂಡವು, ಕಣ್ಣು. ಇವತ್ತು ಬೆಳಿಗ್ಗೆ ನೋಡಿದ್ರೆ ಕೆಲವು ಒಡೆದಿವೆ. ಮೀನಿನ ಥರಾನೇ ಇಲ್ಲ. ಹಳದಿ ಚೀಲಕ್ಕೆ ಒಂದು ಬಾಲ ಸಿಕ್ಕಿಸಿದ ಹಾಗೆ, ಆ ಬಾಲ ಮಾತ್ರ ಒಂದೇ ಸಮ ಬಡ್ಕೊತಿದೆ. ಟಾರ್ಚ್ ಹಿಡಿದ್ರೆ ಎದೆ ಹತ್ತಿರ ಕೆಂಪಗೆ ಮಿಡಿಯೋದು ಕಾಣುತ್ತೆ. ಇಲ್ಲಿಗೆ ಇಪ್ಪತ್ತೊಂದು.

ಪ್ರಾಣಿಶಾಸ್ತ್ರ ಮೈಸೂರು · ಏಪ್ರಿಲ್ 22, ರಾತ್ರಿ 9.50

ಬಹಳ ಚೆನ್ನಾಗಿ ನೋಡಿದ್ದೀರಿ. ಹಳದಿ ಚೀಲ ಕರಗುವವರೆಗೆ ಮೇವು ಹಾಕಬೇಡಿ, ನೀರು ಕೆಡುತ್ತೆ. ಆಮೇಲೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಚೂರೇ ಚೂರು. ಒಂದು ಮಾತು: ಮರಿಗಳನ್ನು ದಯವಿಟ್ಟು ಬೇರೆ ಕೆರೆಗೆ, ಬಾವಿಗೆ, ಹಳ್ಳಕ್ಕೆ ಬಿಡಬೇಡಿ. ಜಿಲೇಬಿ ಇಷ್ಟು ಹರಡಿದ್ದು "ಪಾಪ, ಬದುಕಿಕೊಳ್ಳಲಿ" ಅಂತ ಬಿಟ್ಟ ಕೈಗಳಿಂದಲೇ.

ನಾಲೆಬದಿ · ಮೇ 6, ಸಂಜೆ 6.30

ಹನ್ನೊಂದು ಉಳಿದು ಈಜಾಡ್ತಿವೆ. ಬಾಟ್ಲಿನಿಂದ ಹಿತ್ತಲ ಕಲ್ಲುತೊಟ್ಟಿಗೆ ಬಿಟ್ಟಿದೀನಿ. ಕೆರೆಗೆ ಬಿಡಲ್ಲ ಮೇಡಂ, ತೊಟ್ಟಿ ತುಂಬಿದ್ರೂ ಆಚೆ ಹೋಗದ ಹಾಗೆ ಬಲೆ ಕಟ್ಟಿದೀನಿ. ಬೆರಳು ತೋರಿಸಿದ್ರೆ ಎಲ್ಲವೂ ಓಡಿಬಂದು ಬೆರಳಿನ ನೆರಳಿಗೆ ಒತ್ತಿಕೊಂಡು ನಿಲ್ತವೆ. ತಾಯಿ ಬಾಯಿ ಹುಡುಕೋದಿರಬೇಕು. ಅಮ್ಮ ದಿನಕ್ಕೆ ಮೂರು ಸಲ ಬೆರಳು ತೋರಿಸಿ ಬರ್ತಾರೆ.

ಇವತ್ತು ಮಧ್ಯಾಹ್ನ ಇಲ್ಲಿ ಮೊದಲ ಮಳೆ ಬಿತ್ತು. ಬೀಸುಬಲೆ ಅಣ್ಣ, ನಿಮ್ಮ ಕಡೆ ಹಳ್ಳ ಬಂತಾ?

ಬೀಸುಬಲೆ · ಮೇ 6, ರಾತ್ರಿ 9.20

ಇನ್ನೂ ಇಲ್ಲ ಅಣ್ಣ, ಮಣ್ಣು ಕುಡ್ಕೊಬುಡ್ತು. ಇನ್ನೊಂದ್ ಎರಡ್ ಒಳ್ಳೆ ಮಳೆ ಬೀಳ್ಬೇಕು. ಬಿದ್ ರಾತ್ರೀನೇ ಇಲ್ಲಿ ಹಾಕ್ತೀನಿ, ಎಲ್ಲಾರೂ ಟಾರ್ಚ್ ಚಾರ್ಜ್ ಮಾಡಿಟ್ಕೊಳಿ.

ನಾಲೆಬದಿ · ಮೇ 7, ಬೆಳಿಗ್ಗೆ 7.05

ತಿದ್ದುಪಡಿ: ಹನ್ನೊಂದಲ್ಲ, ಒಂಬತ್ತು. ತೊಟ್ಟಿ ಪಕ್ಕ ಮಿಂಚುಳ್ಳಿ ಕೂತಿತ್ತು.